ಹನಮೇಶನ ಹೊಲದ ಬಿಳಿ ಪುಡಿ

ಸವಳು ಮಣ್ಣು ಬಿಸಿನೀರಿಗೆ ಬಿದ್ದಾಗ ಏಳುವ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮೂರಿನ ಹಳ್ಳದ ದಂಡೆಯಲ್ಲಿ ಅಗಸರ ರತ್ನವ್ವ ಉಬ್ಬೆ ಹಾಕುತ್ತಿದ್ದಳು. ದಂಡೆಯ ಮೇಲೆ ಬೆಳ್ಳಗೆ ಪೊರೆಗಟ್ಟಿದ ಮಣ್ಣನ್ನು ಕೆರೆದು ತಂದು ನೀರಿನಲ್ಲಿ ಕದಡುವಳು. ಊರಿನ ಬಟ್ಟೆಯನ್ನೆಲ್ಲ ಅದರಲ್ಲಿ ಅದ್ದಿ, ದೊಡ್ಡ ಹರವಿಯ ಬಾಯಿಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕುವಳು. ಏಳುವ ಉಗಿಯಲ್ಲಿ ಬೂದಿಯ ವಾಸನೆ, ಹಸಿ ಮಣ್ಣಿನ ವಾಸನೆ, ಬೆಂದ ಹತ್ತಿಬಟ್ಟೆಯ ವಾಸನೆ ಮೂರೂ ಕೂಡಿರುತ್ತಿದ್ದವು. ನಾನುಡುವ ಪರಕಾರವನ್ನು ಆಕೆ ರಾಶಿಯ ತೀರ ಮೇಲುಗಡೆ ಇಟ್ಟಿರುತ್ತಿದ್ದಳು, ನನಗೆ ಸಾಲೆಗೆ ಹೊತ್ತಾಗಬಾರದೆಂದು. ಯಾರೂ ಹೇಳಿದ್ದಲ್ಲ, ಆಕೆಯೇ ಮಾಡುತ್ತಿದ್ದಳು. ಹಾಗಾಗಿ ಬಹಳ ವರ್ಷ ನನ್ನ ಪಾಲಿಗೆ ಅದು ಒಗೆದ ಬಟ್ಟೆಯ ವಾಸನೆಯಾಗಿತ್ತು.

ಅದೇ ವಾಸನೆ ನಮ್ಮ ತವರಿನ ಹೊಲದಿಂದ ಬಂದದ್ದು ತೊಂಬತ್ತರ ದಶಕದ ನಡುವೆ.

ನಮ್ಮೂರು ಹುಬ್ಬಳ್ಳಿಯ ಮೂಡಲಕ್ಕೆ, ಎರೆ ಭೂಮಿಯ ಸೀಮೆಯಲ್ಲಿದೆ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸಿ, ನಿವೃತ್ತಳಾಗಿ ಅಲ್ಲೇ ಉಣಕಲ್ಲಿನಲ್ಲಿದ್ದೆ. ತಮ್ಮ ಶಾಂತಯ್ಯ ಊರಲ್ಲೇ ಇದ್ದು ಹೊಲ ನೋಡುತ್ತಿದ್ದ. ಅವನ ಹೆಂಡತಿ ತೀರಿಹೋದ ಮೇಲೆ ಬೇಸಿಗೆಯಲ್ಲಿ, ಬಿತ್ತನೆಯ ಕಾಲದಲ್ಲಿ ನಾನು ಹೋಗಿ ಅವನಿಗೂ ಅವನ ಮಗ ಗುರುಪಾದನಿಗೂ ಅಡುಗೆ ಮಾಡಿಕೊಂಡು ಇರುತ್ತಿದ್ದೆ. ಶಾಂತಯ್ಯನ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಸಿಟ್ಟು ಬಂದಾಗ ಅವನ ಬಾಯಿಗೂ ಕೈಗೂ ಲಂಗುಲಗಾಮು ಇರುತ್ತಿರಲಿಲ್ಲ. ಗುರುಪಾದ ತಾಯಿಯ ಹಾಗೆ, ಮಾತು ಕಡಿಮೆ.

ಕಾಲುವೆಯ ನೀರು ಬಂದ ಹೊಸತರಲ್ಲಿ ಶಾಂತಯ್ಯ ಜವಾರಿ ಹತ್ತಿ ಬಿಟ್ಟು ಹೈಬ್ರಿಡ್ ಹತ್ತಿ ಹಾಕಿದ. ನೀರು ಇದೆ ಎಂದು ಹೊಲ ತುಂಬ ನೀರು ಬಿಟ್ಟ. ಎರೆ ಮಣ್ಣು ಕುಡಿದ ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಆಳದಲ್ಲಿದ್ದ ಉಪ್ಪನ್ನು ಕರಗಿಸಿಕೊಂಡು ಆ ನೀರು ಮೇಲಕ್ಕೇರಿತು, ಬಿಸಿಲಿಗೆ ಆರಿತು, ಉಪ್ಪು ಉಳಿಯಿತು. ಚಳಿಗಾಲದ ಮುಂಜಾವಿನಲ್ಲಿ ನೋಡಿದರೆ ಸಾಲುಗಳ ನೆತ್ತಿಯ ಮೇಲೆ ಬೆಳ್ಳಗೆ. ಮಳೆ ಬಿದ್ದ ದಿನ ಅದೇ ಉಬ್ಬೆಯ ವಾಸನೆ. ಶಾಂತಯ್ಯ ಉಪ್ಪು ತೊಳೆದುಹೋಗಲಿ ಎಂದು ಇನ್ನಷ್ಟು ನೀರು ಬಿಟ್ಟ. ಅದು ಇನ್ನಷ್ಟು ಮೇಲೆ ಬಂತು.

ಗುರುಪಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ನಾಲ್ಕಾರು ಸಲ ಅಡ್ಡಾಡಿ ಕೇಳಿಕೊಂಡು ಬಂದ. ಸಾಲಿನ ನೆತ್ತಿಯ ಮೇಲೆ ಬೀಜ ಊರುವುದು ಬಿಟ್ಟು, ಮಗ್ಗುಲಲ್ಲಿ ಊರಿದ. ಉಪ್ಪು ನೀರಿನ ಜೊತೆ ನೆತ್ತಿಗೇರಿ ಅಲ್ಲೇ ಕೂರುತ್ತದೆ, ಮಗ್ಗುಲಲ್ಲಿ ಮೊಳಕೆಗೆ ಉಸಿರಾಡಲು ಎಡೆ ಇರುತ್ತದೆ. ಬಿತ್ತುವ ಮುಂಚೆ ಸೆಣಬು ಬೆಳೆಸಿ, ಗೊಬ್ಬರವಾಗಲೆಂದು ಹಸಿಯಾಗಿಯೇ ಮಣ್ಣಿನೊಳಗೆ ಮಗುಚಿದ. ಬೇಸಿಗೆಯಲ್ಲಿ ಜಿಪ್ಸಂ ಹರವಿದ. ಗಟ್ಟಿಯಾಗಿ ಹೆಪ್ಪುಗಟ್ಟಿದ ಸವಳು ಮಣ್ಣು ಆ ಬಿಳಿ ಪುಡಿ ಬಿದ್ದ ಮೇಲೆ ಸಡಿಲಾಗಿ ನೀರಿಗೆ ದಾರಿ ಬಿಡುತ್ತದೆ. ಆದರೆ ಬಿಟ್ಟ ನೀರು ಎಲ್ಲಿಗಾದರೂ ಹೋಗಬೇಕಲ್ಲ. ಅದಕ್ಕೆ ಬಸಿಗಾಲುವೆ ತೋಡಿದ.

ಹತ್ತಿ ಗಿಡದ ಬಗ್ಗೆ ನಾನು ಅವನಿಗೆ ಒಂದು ಮಾತು ಹೇಳಿದ್ದೆ. ಸಸಿಯಿದ್ದಾಗ ಅದು ಬಲು ನಾಜೂಕು, ಉಪ್ಪು ತಾಗಿದರೆ ಸಾಯುತ್ತದೆ. ಬೇರು ಒಮ್ಮೆ ಆಳಕ್ಕಿಳಿಯಿತೆಂದರೆ ಗಟ್ಟಿಯಾಗುತ್ತದೆ. ಒಳಗೆ ಬಂದ ಉಪ್ಪನ್ನು ಬುಡದ ಹಳೆಯ ಎಲೆಗಳಿಗೆ ತುಂಬುತ್ತದೆ. ಆ ಎಲೆಗಳು ಅಂಚು ಸುಟ್ಟಂತಾಗಿ ಉದುರುತ್ತವೆ. ತುದಿಯ ಚಿಗುರು ಉಳಿಯುತ್ತದೆ.

“ಅಂದ್ರ ಅತ್ತಿ, ಗಿಡಾ ತನ್ನ ಮೈಯಾಗಿಂದ ಒಂದಿಷ್ಟು ಬಿಟ್ಟಕೊಟ್ಟು ಉಳೀತೈತಿ,” ಅಂದ ಗುರುಪಾದ.

“ಹೌದಪಾ.”

“ಶಾಣ್ಯಾ ಐತಿ.”

ಬಸಿಗಾಲುವೆಯ ನೀರು ಹಳ್ಳಕ್ಕೆ ಸೇರಬೇಕಾದರೆ ಕೆಳಗಿನ ಹೊಲದ ಅಂಚನ್ನು ಹಾದುಹೋಗಬೇಕಿತ್ತು. ಆ ಹೊಲ ಗುರುಶಿದ್ದಪ್ಪನದು. ಅವನು ಇರುವಷ್ಟು ದಿನ ತಕರಾರು ಇರಲಿಲ್ಲ. “ನಿಮ್ಮ ನೀರು ನಮ್ಮ ಬದುವಿನ ಗುಂಟ ಹೋದ್ರ ನಮಗೇನ್ರಿ ಅಯ್ಯಾರ, ಹೋಗ್ಲಿ,” ಎಂದಿದ್ದ. ಅವನು ಸತ್ತ ಮೇಲೆ ಹೊಲ ಮಗ ಹನಮೇಶನ ಕೈಗೆ ಬಂತು. ಗಟ್ಟಿ ಆಳು, ಇಪ್ಪತ್ತೈದರ ಪ್ರಾಯ. ಮನೆಯಲ್ಲಿ ಅವನು, ಅವನ ತಾಯಿ ದುರಗವ್ವ, ಇಬ್ಬರೇ. ಹನಮೇಶ ಬಂದು ನೋಡುವ ಹೊತ್ತಿಗೆ ಬಸಿಗಾಲುವೆಯ ಅಂಚಿನಿಂದ ಉಪ್ಪುನೀರು ಜಿನುಗಿ ಅವನ ಹೊಲದ ಒಂದು ಪಟ್ಟಿ ಬೆಳ್ಳಗಾಗಿತ್ತು. ತೊಂಬತ್ತೇಳರ ಮಳೆಗಾಲದಲ್ಲಿ ಅವನು ಸಲಿಕೆ ತೆಗೆದುಕೊಂಡು ಬಸಿಗಾಲುವೆಯನ್ನು ಮುಚ್ಚಿಬಿಟ್ಟ.

ಹೂವು ಬಿಟ್ಟ ಹತ್ತಿ ನಿಂತ ನೀರಿನಲ್ಲಿ ಕಪ್ಪಾಗಿ ಬಾಗಿತು.

ಶಾಂತಯ್ಯ ಕೈಯಲ್ಲಿ ಬಾರಕೋಲು ಹಿಡಿದೇ ಓಡಿದ. ನಾನೂ ಗುರುಪಾದನೂ ಹಿಂದೆ ಓಡಿದೆವು. ಹನಮೇಶ ಬಾಗಿ ಕಳೆ ಕೀಳುತ್ತಿದ್ದ. ಮೊದಲ ಏಟು ಬೆನ್ನಿಗೆ ಬಿತ್ತು, ಎರಡನೆಯದು ಕಿವಿಗೆ. ಚರ್ಮದ ತುದಿ ಕಿವಿಯ ಹಾಲೆಗೆ ಸುತ್ತಿಕೊಂಡಿತು. ಶಾಂತಯ್ಯ ಜಗ್ಗಿದಾಗ ಹಾಲೆ ಹರಿದು ನೇತಾಡಿತು. ಹನಮೇಶ ಕಿವಿ ಹಿಡಿದುಕೊಂಡು ಮಣ್ಣಲ್ಲಿ ಕುಳಿತ. ಬೆರಳ ಸಂದಿಯಿಂದ ರಕ್ತ ಮೊಳಕೈವರೆಗೆ ಇಳಿಯಿತು. ಆಚೆ ಸಾಲಿನಿಂದ ಓಡಿಬಂದ ದುರಗವ್ವ “ಬ್ಯಾಡ್ರಿ ಅಯ್ಯಾರ, ಬ್ಯಾಡ್ರಿ” ಎನ್ನುತ್ತ ಮಗನ ಮೇಲೆ ಬಿದ್ದಳು. ಏಟು ಅವಳ ತಲೆಗೂ ಬಿತ್ತು.

“ಕಾಲಿವಿ ಮುಚ್ಚತಿಯೇನಲೇ ಭಾಡ್ಯಾ? ನನ್ನ ಹೊಲಾ ಕೊಂದಿ ನೀ! ನಿನ್ನ ಹೊಲಕ್ಕ ಚೀಲಗಟ್ಲೆ ಉಪ್ಪು ಒಗೀತೇನಿ ನೋಡಕೋತಿರು! ಏಳ್ ತಲಿ ಹುಲ್ಲು ಬೆಳೀಬಾರ್ದು, ಹಂಗ ಮಾಡ್ತೇನಿ!”

“ಒಗೀರಿ,” ಅಂದ ಹನಮೇಶ, ಕಿವಿಯಿಂದ ಕೈ ತೆಗೆಯದೆ. “ಒಗದ ದಿವಸ ಒಗದ ಕೈ ಉಳಿಯೂದಿಲ್ಲ.”

ಗುರುಪಾದ ತಂದೆಯನ್ನು ಹಿಂದಿನಿಂದ ತೆಕ್ಕೆಗೆ ಹಿಡಿದು ಎಳೆದುಕೊಂಡು ಬಂದ. ಆಮೇಲೆ ಅವನೊಬ್ಬನೇ ತಿರುಗಿ ಹೋಗಿ, ತನ್ನ ತಲೆಯ ವಲ್ಲಿಯನ್ನು ಬಿಚ್ಚಿ ದುರಗವ್ವನ ಕೈಯಲ್ಲಿ ಕೊಟ್ಟು ಬಂದದ್ದನ್ನು ನಾನು ಬದುವಿನ ಮೇಲಿಂದ ನೋಡಿದೆ. ಆಕೆ ಅದರಿಂದ ಮಗನ ಕಿವಿ ಕಟ್ಟಿದಳು.

ಮುಂದಿನ ಬೇಸಿಗೆ. ಮೇ ತಿಂಗಳ ಕೊನೆ, ಅಡ್ಡಮಳೆ ಒಂದೆರಡು ಬಿದ್ದಿದ್ದವು. ಗುರುಪಾದ ತಮ್ಮ ಹೊಲಕ್ಕೆಲ್ಲ ಜಿಪ್ಸಂ ಹರವಿ ಮುಗಿಸಿದ್ದ. ಒಂದು ಮುಂಜಾನೆ ಉಳಿದ ಚೀಲಗಳನ್ನು ಚಕ್ಕಡಿಗೆ ಹೇರುತ್ತಿದ್ದ.

“ಹರವೂದು ಮುಗದಿಲ್ಲೇನೋ?” ಅಂದೆ.

“ಒಂದೀಟು ಉಳದೈತ್ರಿ ಅತ್ತಿ. ಅಪ್ಪಗ ಹೇಳಬ್ಯಾಡ್ರಿ. ಬುತ್ತಿ ಆಮ್ಯಾಗ ತರ್ರಿ.”

ಹೊತ್ತು ಏರಿದ ಮೇಲೆ ಬುತ್ತಿ ಕಟ್ಟಿಕೊಂಡು ಹೋದೆ. ನಮ್ಮ ಹೊಲದಲ್ಲಿ ಅವನಿರಲಿಲ್ಲ. ಬದುವಿನ ಮೇಲೆ ನಿಂತು ನೋಡಿದರೆ ಕೆಳಗೆ, ಹನಮೇಶನ ಹೊಲದಲ್ಲಿ, ಬೆಳ್ಳಗಾದ ಆ ಪಟ್ಟಿಯ ಗುಂಟ ಗುರುಪಾದ ನಡೆಯುತ್ತಿದ್ದ. ಎಡಗೈಯಲ್ಲಿ ಬುಟ್ಟಿ. ಬಲಗೈಯಿಂದ ಬಿಳಿಯ ಪುಡಿಯನ್ನು ಬೀಸಿ ಬೀಸಿ ಹರವುತ್ತಿದ್ದ, ಕಾಳು ಚೆಲ್ಲುವವರ ಹಾಗೆ. ನನಗೆ ಅರ್ಥವಾಯಿತು. ನಮ್ಮ ನೀರು ಕೆಡಿಸಿದ ನೆಲವನ್ನು ಅವನು ನಮ್ಮ ಪುಡಿಯಿಂದಲೇ ಸರಿ ಮಾಡುತ್ತಿದ್ದಾನೆ. ಹೇಳಿದರೆ ತಂದೆ ಬಿಡುವುದಿಲ್ಲ, ಕೇಳಿದರೆ ಹನಮೇಶ ಒಪ್ಪುವುದಿಲ್ಲ. ಅದಕ್ಕೆ ಯಾರಿಗೂ ಹೇಳದೆ ಬಂದಿದ್ದಾನೆ.

ಹನಮೇಶ ಹಳ್ಳದ ಕಡೆಯಿಂದ ಬರುತ್ತಿದ್ದ. ಹೆಗಲ ಮೇಲೆ ಸಲಿಕೆ. ಅವನಿಗೆ ಕಂಡದ್ದು ಇಷ್ಟು: ತನ್ನ ಕಿವಿ ಹರಿದವನ ಮಗ, ತನ್ನ ಹೊಲದಲ್ಲಿ, ಬಿಳಿಯ ಪುಡಿ.

“ಉಪ್ಪು ಒಗ್ಯಾಕತ್ತಿಯೇನಲೇ!”

ಗುರುಪಾದ ತಿರುಗಿದ. ಅವನ ಮುಖದಲ್ಲಿ ಕಳ್ಳತನ ಹಿಡಿದವರ ಮುಂದೆ ನಿಂತ ಹುಡುಗನ ನಗೆಯಿತ್ತು. “ಏ ಹನಮ್ಯಾ, ತಡಿಯೋ, ಇದು ಉಪ್ಪ…”

ಸಲಿಕೆಯ ಅಲಗು ಅವನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಬುಟ್ಟಿ ಹಾರಿತು, ಪುಡಿ ಮೋಡದ ಹಾಗೆ ಎದ್ದಿತು. ಆ ಮೋಡದೊಳಗೆ ಮತ್ತೆ ಸಲಿಕೆ ಎದ್ದು ಬಿದ್ದದ್ದು ಕಂಡೆ. ಹಸಿ ಟೊಂಗೆ ಮುರಿದ ಸಪ್ಪಳ. ನಾನು ಬುತ್ತಿ ಬಿಸಾಕಿ ಬದುವಿನಿಂದ ಜಾರಿ ಇಳಿದೆ. ಗುರುಪಾದ ಬಿದ್ದಿದ್ದ. ಹನಮೇಶ ಅವನ ಎದೆಯ ಮೇಲೆ ಮೊಳಕಾಲೂರಿ ಕುಳಿತಿದ್ದ. ಒಂದು ಕೈಯಲ್ಲಿ ದವಡೆ ಅಗಲಿಸಿ ಇನ್ನೊಂದು ಕೈಯಿಂದ ನೆಲದ ಪುಡಿಯನ್ನು ಬಾಚಿ ಬಾಯಿಗೆ ತುರುಕುತ್ತಿದ್ದ.

“ತಿನ್ನು! ನಿಮ್ಮ ಉಪ್ಪು ನೀನ ತಿನ್ನು! ನಿಮ್ಮಪ್ಪಗೂ ತಿನಸ್ತೇನಿ, ತಿನ್ನು!”

ಗುರುಪಾದನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಮೂಗಿನಿಂದ ಬಿಳಿಯ ಪುಡಿ, ರಕ್ತ ಎರಡೂ ಬರುತ್ತಿದ್ದವು. ನಾನು ಹನಮೇಶನ ಜುಟ್ಟು ಹಿಡಿದು ಜಗ್ಗಿದೆ, ಬೆನ್ನಿಗೆ ಗುದ್ದಿದೆ. ಅವನಿಗೆ ನಾನಿರುವುದೇ ತಿಳಿಯಲಿಲ್ಲ. ಅಷ್ಟರಲ್ಲಿ ಹೊಲದಂಚಿನ ಗುಡಿಸಲಿನ ಕಡೆಯಿಂದ ದುರಗವ್ವ ಬಂದಳು. ಓಡುತ್ತ ಬಂದವಳು ಮಗನನ್ನು ಹಿಡಿಯಲಿಲ್ಲ. ನೆಲಕ್ಕೆ ಬಾಗಿ ಒಂದು ಚಿಟಿಕೆ ಪುಡಿ ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

“ಹನಮ್ಯಾ.”

ಅವನು ಕೇಳಲಿಲ್ಲ. ಆಕೆ ಅವನ ಹರಿದ ಕಿವಿಯನ್ನೇ ಹಿಡಿದು ತಿರುವಿದಳು. ಅವನು ಚೀರಿ ತಲೆಯೆತ್ತಿದ. ಆಕೆ ತನ್ನ ಪುಡಿಯ ಬೆರಳನ್ನು ಅವನ ಬಾಯಿಗಿಟ್ಟಳು.

“ಇದು ಉಪ್ಪಲ್ಲೋ. ಸಪ್ಪಗೈತಿ. ನೋಡು. ಮನ್ನೆ ಸರಕಾರದವ್ರು ಊರಾಗ ಇಳಿಸಿದ್ರಲ್ಲ, ಭೂಮಿಗಿ ಹಾಕೂ ಪುಡಿ, ಅದೋ ಇದು.”

ಹನಮೇಶ ಬಾಯಿ ಆಡಿಸಿದ. ಮತ್ತೊಮ್ಮೆ ತನ್ನ ಕೈಯನ್ನೇ ನೆಕ್ಕಿದ. ಕೆಳಗೆ ಬಿದ್ದವನ ಮುಖವನ್ನು ಆಗಲೇ ಮೊದಲ ಸಲ ನೋಡಿದವರ ಹಾಗೆ ನೋಡಿದ. ಎದೆಯ ಮೇಲಿಂದ ಇಳಿದು, ಗುರುಪಾದನ ಬಾಯೊಳಗೆ ಬೆರಳು ಹಾಕಿ ಪುಡಿಯನ್ನು ಹೊರಗೆ ತೆಗೆಯತೊಡಗಿದ. “ಉಗುಳೋ, ಉಗುಳೋ ಮಾರಾಯಾ,” ಎನ್ನುತ್ತಿದ್ದ. ಗುರುಪಾದನ ಬಲಗೈ ಮಣಿಕಟ್ಟಿನ ಹತ್ತಿರ ಒಂದಿಷ್ಟು ಚರ್ಮಕ್ಕೆ ಜೋತುಕೊಂಡಿತ್ತು.

ಡಾಂಬರು ರಸ್ತೆಯವರೆಗೆ ಅವನನ್ನು ಹೊತ್ತದ್ದು ಹನಮೇಶನೇ. ಹುಬ್ಬಳ್ಳಿಗೆ ಹೊರಟ ಟೆಂಪೊ ಒಂದು ನಿಂತಿತು. ಅದರಲ್ಲಿ ಮಕ್ತುಮಬಿ ಎಂಬ ಹೆಂಗಸು ಬದನೆಕಾಯಿಯ ಬುಟ್ಟಿ ಇಟ್ಟುಕೊಂಡು ಪೇಟೆಗೆ ಹೊರಟಿದ್ದಳು. ಆಕೆ ತನ್ನ ಸೆರಗಿನ ಅಂಚನ್ನು ಹಲ್ಲಿನಿಂದ ಹರಿದು ಗುರುಪಾದನ ಮೊಳಕೈಯ ಕೆಳಗೆ ಬಿಗಿದು ಕಟ್ಟಿದಳು. ಬುಟ್ಟಿ ಉರುಳಿ ಬದನೆಕಾಯಿ ಟೆಂಪೊ ತುಂಬ ಆದರೂ ಅತ್ತ ನೋಡದೆ, ಹುಬ್ಬಳ್ಳಿಯ ದೊಡ್ಡ ದವಾಖಾನೆ ಬರುವವರೆಗೂ ಅವನ ಕೈಯನ್ನು ತನ್ನ ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡೇ ಕುಳಿತಳು. ಅವಳ ತೋಳು ನಡುಗುತ್ತಿತ್ತು. “ಬದಲಿ ನಾ ಹಿಡೀತೇನವಾ” ಅಂದೆ. “ನೀವ್ ತಲಿ ಹಿಡ್ಕೋರಿ ಅಮ್ಮಾ, ಹುಡುಗನ ತಲಿ ಬಡ್ಯಾಕತ್ತೈತಿ” ಅಂದಳು. ಆಕೆಯನ್ನು ನಾನು ಮತ್ತೆ ನೋಡಲಿಲ್ಲ.

ಡಾಕ್ಟರಿಗೆ ಕೈ ಉಳಿಸಲಾಗಲಿಲ್ಲ. ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದರು.

ಶಾಂತಯ್ಯ ವಾರ್ಡಿಗೆ ಬಂದು ಬಟ್ಟೆ ಸುತ್ತಿದ ಆ ಮೊಂಡನ್ನು ನೋಡಿದ. ಅಳಲಿಲ್ಲ. ಅಳುವವನಲ್ಲ. “ಅಕ್ಕಾ, ಕೈಗೆ ಕೈ. ಅಂವಂದು ಬಲಗೈ ತಗೊಂಡ ಮ್ಯಾಲೇ ನಾ ಲಿಂಗಪೂಜಾ ಮಾಡ್ಕೊಳ್ಳೂದು,” ಎಂದು ಹೇಳಿ ಹೋದ. ಅವನು ಸಿಟ್ಟಿನಲ್ಲಿ ಆಡಿದ ಮಾತನ್ನು ಮರೆಯಬಹುದಿತ್ತು. ಪೂಜೆಯ ಮಾತನ್ನು ಮರೆಯುವುದಿಲ್ಲ.

ಅದೇ ಸಂಜೆ ಅವನು ಮಂದಿ ಕಟ್ಟಿಕೊಂಡು ಹನಮೇಶನ ಮನೆಗೆ ಹೋದನಂತೆ. ಹನಮೇಶ ಅಷ್ಟರಲ್ಲಿ ತಾನೇ ಹೋಗಿ ಪೊಲೀಸರ ಮುಂದೆ ಕುಳಿತಿದ್ದ. ಸಿಗದ ಸಿಟ್ಟಿಗೆ ಇವರು ಬಾಗಿಲನ್ನು ಕೊಡಲಿಯಿಂದ ಒಡೆದರು, ನೆಲದೊಳಗಿನ ಕಾಳಿನ ಹಗೆಯನ್ನು ಅಗೆದು ಜೋಳಕ್ಕೆ ನೀರು ಸುರಿದರು, ಬಣವೆಗೆ ಬೆಂಕಿ ಹಚ್ಚಿದರು. ಬಣವೆಯ ಬುಡದಲ್ಲಿ ಕರು ಕಟ್ಟಿತ್ತು. ದುರಗವ್ವ ಬೆಂಕಿಯೊಳಗೆ ನುಗ್ಗಿ ಕಣ್ಣಿ ಕೊಯ್ದು ಕರುವನ್ನು ಹೊರಗೆ ನೂಕಿದಳು. ಅವಳ ತಲೆಗೂದಲು ಅರ್ಧ ಸುಟ್ಟುಹೋಯಿತು. ಕರುವಿನ ಬೆನ್ನ ಚರ್ಮ ಸುಲಿಯಿತು, ಎರಡು ದಿನ ಒದರಿ ಅದು ಸತ್ತಿತು.

ಇದನ್ನೆಲ್ಲ ನನಗೆ ಹೇಳಿದವನು ಶಾಂತಯ್ಯನೇ, ದವಾಖಾನೆಯ ಹೊರಗಿನ ಚಹಾದಂಗಡಿಯ ಮುಂದೆ ನಿಂತು. ಹೇಳುತ್ತ ಕಪ್ಪಿನ ಚಹಾವನ್ನು ಬಶಿಗೆ ಸುರುವಿಕೊಂಡ.

“ಕರಾ ಏನ ಮಾಡಿತ್ತೋ ಶಾಂತೂ?” ಅಂದೆ.

“ನನ್ನ ಮಗಾ ಏನ ಮಾಡಿದ್ದ?”

“ಉಪ್ಪು ಒಗೀತೇನಿ ಅಂದಾಂವ ನಿನ್ನ ಮಗಾ ಅಲ್ಲ.”

ಅವನು ಕಪ್ಪನ್ನು ಕಲ್ಲಿಗೆ ಅಪ್ಪಳಿಸಿ ಹೊರಟುಹೋದ. ಅಂಗಡಿಯವನು ಚೂರುಗಳನ್ನು ಆಯುತ್ತ, “ಇರ್ಲಿ ಬಿಡ್ರಿ ಅಕ್ಕಾರ, ದವಾಖಾನಿ ಮುಂದಿನ ಅಂಗಡಿಯಾಗ ಕಪ್ಪು ಒಡೀತಾವು,” ಅಂದ.

ಗುರುಪಾದ ಮನೆಗೆ ಬಂದ. ಗಾಯ ಮಾಯುತ್ತ ಬಂತು. ಅವನಿಗೆ ನೋವಿಗಿಂತ ದೊಡ್ಡದಾದದ್ದು ಊಟ. ಎಡಗೈಯಲ್ಲಿ ತುತ್ತು ಎತ್ತುವುದನ್ನು ಯಾರೂ ನೋಡಬಾರದೆಂದು ತಾಟು ತೆಗೆದುಕೊಂಡು ಹಿತ್ತಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವನು. ಒಂದೇ ಕೈಯಲ್ಲಿ ರೊಟ್ಟಿ ಮುರಿಯಲು ಬರುತ್ತಿರಲಿಲ್ಲ. ಒತ್ತಿದರೆ ಸರಿಯುತ್ತಿತ್ತು. ಬಾಗಿಲ ಈಚೆಗೆ ತಾಟು ನೆಲಕ್ಕೆ ಉಜ್ಜುವ ಸಪ್ಪಳ ಕೇಳುತ್ತಿತ್ತು. ನಾನು ಉಣ್ಣಿಸುತ್ತೇನೆ ಎಂದರೆ ತಲೆ ಅಲ್ಲಾಡಿಸುವನು. ಒಮ್ಮೆ ಮಾತ್ರ ನಕ್ಕು, “ಅತ್ತಿ, ನಾನೂ ಒಂದ ಎಲಿ ಉದುರಿಸೇನಿ ನೋಡ್ರಿ,” ಅಂದ. ನಾನು ಒಲೆಯ ಕಡೆ ತಿರುಗಿದೆ.

ಜೂನ್ ಕಳೆಯುವ ಹೊತ್ತಿಗೆ ಹನಮೇಶ ಜಾಮೀನಿನ ಮೇಲೆ ಹೊರಗೆ ಬಂದ ಸುದ್ದಿ ಬಂತು. ಶಾಂತಯ್ಯ ಅಂಗಳದಲ್ಲಿ ಕುಳಿತು ಕೊಡಲಿ ಮಸೆಯತೊಡಗಿದ. ಕಲ್ಲಿನ ಮೇಲೆ ನೀರು ಚಿಮುಕಿಸುವುದು, ಮಸೆಯುವುದು, ಹೆಬ್ಬೆರಳಿನಿಂದ ಮುಟ್ಟಿ ನೋಡುವುದು. ನಾನು ಕೊಡಲಿಯನ್ನು ಎರಡು ಸಲ ಬಚ್ಚಿಟ್ಟೆ. ಎರಡು ಸಲವೂ ಹುಡುಕಿದ. ಮೂರನೆಯ ಸಲ ಅವನು ನನ್ನನ್ನು ಗೋಡೆಗೆ ನೂಕಿ ತೆಗೆದುಕೊಂಡ. ಬಾಲ್ಯದಲ್ಲಿ ಕೂಡ ಅವನು ನನ್ನ ಮೇಲೆ ಕೈ ಎತ್ತಿದವನಲ್ಲ.

“ಅಕ್ಕಾ, ಅಡ್ಡ ಬರಬ್ಯಾಡ,” ಅಂದ.

ಗುರುಪಾದ ಮುಂಜಾನೆಯೇ ಹೊಲಕ್ಕೆ ಹೋಗಿದ್ದ. ನಾನು ಶಾಂತಯ್ಯನ ಹಿಂದೆ ಓಡಿದೆ. ಬಿತ್ತುವ ಹದದ ಎರೆ ಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಕಲ್ಲು ಕಟ್ಟಿದಷ್ಟು ಭಾರವಾಗುತ್ತಿತ್ತು. ಶಾಂತಯ್ಯನಿಗೆ ಮಾತ್ರ ಅದು ಅಡ್ಡಿಯಾಗಲಿಲ್ಲ.

ಬದುವಿನ ಕೆಳಗೆ ಹನಮೇಶ ಬಸಿಗಾಲುವೆಯೊಳಗಿದ್ದ. ತಾನೇ ಮುಚ್ಚಿದ್ದ ಕಾಲುವೆಯನ್ನು ಹಳ್ಳದ ತುದಿಯಿಂದ ತೋಡಿಕೊಂಡು ಬಂದಿದ್ದ. ತನ್ನ ಹೊಲದ ಗುಂಟ ಇನ್ನೂ ಆಳವಾಗಿ, ಅಂಚಿಗೆ ಕಲ್ಲು ಒತ್ತಿ, ನೀರು ಜಿನುಗದ ಹಾಗೆ. ನಮ್ಮ ಬದುವಿಗೆ ಇನ್ನೊಂದಿಷ್ಟು ಮಾತ್ರ ಉಳಿದಿತ್ತು. ನಮ್ಮ ಹೊಲದಲ್ಲಿ ನಿಂತ ಮಳೆನೀರು ಆ ಕಡೆ ಒತ್ತುತ್ತಿತ್ತು. ಉಬ್ಬೆಯ ವಾಸನೆ ಸುತ್ತಲೂ ಕವಿದಿತ್ತು. ದುರಗವ್ವ ಅಂಚಿನ ಮೇಲೆ ಕುಳಿತು ಕಲ್ಲು ಕೊಡುತ್ತಿದ್ದಳು. ಅವಳ ಪಕ್ಕದಲ್ಲಿ ಬುತ್ತಿಯ ಗಂಟಿತ್ತು.

ಹನಮೇಶ ಶಾಂತಯ್ಯನನ್ನು ನೋಡಿದ. ಸಲಿಕೆಯನ್ನು ದೂರ ಎಸೆದ. ಓಡಲಿಲ್ಲ.

ಶಾಂತಯ್ಯ ಕೊಡಲಿಯ ಹಿಂಬದಿಯಿಂದ ಅವನ ಹೆಗಲಿಗೆ ಹೊಡೆದ. ಎಲುಬು ಮುರಿದ ಸಪ್ಪಳ ನನಗೆ ಬದುವಿನ ಮೇಲೆ ಕೇಳಿಸಿತು. ಹನಮೇಶ ಮೊಳಕಾಲ ಮೇಲೆ ಕುಸಿದ. ಶಾಂತಯ್ಯ ಕೆಳಗಿಳಿದು ಮುಖಕ್ಕೆ ಒದ್ದ. ಮೂಗು ಒಡೆಯಿತು. ಮತ್ತೆ ಒದ್ದ. ಹನಮೇಶ ಅಂಗಾತ ಬಿದ್ದು ಕೆಸರಿನ ನೀರಿನಲ್ಲಿ ರಕ್ತ ಉಗುಳಿದ. ಶಾಂತಯ್ಯ ಅವನ ಬಲಗೈಯನ್ನು ಅಂಚಿನ ಕಲ್ಲಿನ ಮೇಲೆ ಎಳೆದು, ಮಣಿಕಟ್ಟಿನ ಈಚೆ ಪಾದ ಊರಿ ನಿಂತ. ಕೊಡಲಿಯ ಅಲಗನ್ನು ತಿರುಗಿಸಿಕೊಂಡ.

“ಎಳಕೊಳ್ಳಲೇ! ಕೈ ಎಳಕೊಳ್ಳೋ ನೋಡೋಣು!”

ಹನಮೇಶ ಎಳೆದುಕೊಳ್ಳಲಿಲ್ಲ. ಬೆರಳುಗಳು ಮಾತ್ರ ತಾವಾಗಿಯೇ ಮಡಚಿ ಬಿಚ್ಚುತ್ತಿದ್ದವು.

ದುರಗವ್ವ ಎದ್ದು ನಿಂತಳು. ತಲೆಯ ಮೇಲಿನ ಸೆರಗು ಜಾರಿ, ಸುಟ್ಟು ಕುಚ್ಚಾದ ಕೂದಲು ಕಂಡಿತು. ಅವಳ ದನಿ ಏರಲಿಲ್ಲ.

“ಅಯ್ಯಾರ, ಉಪ್ಪು ಒಗೀತೇನಿ ಅಂತ ನೀವ ಅಂದಿದ್ರಿ. ನನ್ನ ಮಗಾ ನಿಮ್ಮ ಮಾತು ಖರೇ ಅಂತ ತಿಳ್ಕೊಂಡ. ಅದು ತಪ್ಪಾತು. ಕಡೀರಿ.”

ಕೊಡಲಿ ಮೇಲೆಯೇ ಇತ್ತು. ನಾನು ಕಾಲುವೆಗೆ ಇಳಿಯಲು ಹೋಗಿ ಜಾರಿ ಬಿದ್ದೆ. ಎದ್ದು ನೋಡುವಷ್ಟರಲ್ಲಿ ಗುರುಪಾದ ನಮ್ಮ ಬದುವಿನಿಂದ ಹಾರಿ, ಕೆಸರಿನಲ್ಲಿ ತಂದೆಯ ಕಾಲ ಬುಡದಲ್ಲಿ ಕುಳಿತಿದ್ದ. ತನ್ನ ಮೊಂಡುಗೈಯನ್ನು ಹನಮೇಶನ ಮಣಿಕಟ್ಟಿನ ಮೇಲೆ ಇಟ್ಟಿದ್ದ. ಹೊಸ ಚರ್ಮ ಇನ್ನೂ ಕೆಂಪಗಿತ್ತು.

“ಕಡೀರಿ ಅಪ್ಪಾ. ಕೂಡೇ ಹೋಗ್ಲಿ.”

“ತೆಗಿ ಗುರೂ. ತೆಗಿ ಕೈ.”

“ಕೈ ಎಲ್ಲೈತ್ರಿ ತೆಗ್ಯಾಕ?” ಅಂದ ಗುರುಪಾದ. “ನಿಮಗ ಅರವತ್ತಾತು. ನನ್ನದು ಹಿಂಗ. ಈ ಎರಡು ಹೊಲದಾಗ ದುಡಿಯೂ ಕೈ ಉಳದದ್ದು ಇದೊಂದ. ಇದನ್ನೂ ಕಡದು ಹಳ್ಳಕ್ಕ ಒಗೀರಿ. ಆಮ್ಯಾಗ ನೀವೂ ನಾನೂ ಸವಳ ನೆಕ್ಕೋಂತ ಕುಂಡ್ರೋಣು.”

ಬಟ್ಟೆ ಸುತ್ತಿರದ ಮಗನ ಮೊಂಡನ್ನು ಶಾಂತಯ್ಯ ನೋಡಿದ್ದು ಅದೇ ಮೊದಲು. ಮನೆಯಲ್ಲಿ ಗುರುಪಾದ ಅದನ್ನು ವಲ್ಲಿಯೊಳಗೆ ಮುಚ್ಚಿಕೊಂಡಿರುತ್ತಿದ್ದ. ಶಾಂತಯ್ಯ ಕೊಡಲಿಯನ್ನು ತಿರುಗಿಸಿ, ಅಡ್ಡ ಉಳಿದಿದ್ದ ನಮ್ಮ ಬದುವಿನ ಮಣ್ಣಿಗೆ ಹೊಡೆದ. ಮತ್ತೆ ಹೊಡೆದ. ಹೊಡೆಯುತ್ತ ಬಾಯಿಗೆ ಬಂದದ್ದನ್ನು ಬೈದ. ಹನಮೇಶನನ್ನು, ಸತ್ತ ಗುರುಶಿದ್ದಪ್ಪನನ್ನು, ಕಾಲುವೆಯ ನೀರನ್ನು, ತನ್ನನ್ನು. ಮಣ್ಣು ಒಡೆಯಿತು. ತಡೆದು ನಿಂತಿದ್ದ ನೀರು ಕಂದು ಬಣ್ಣಕ್ಕೆ ನೊರೆಯೆದ್ದು ಒಳನುಗ್ಗಿ, ಬಿದ್ದವನ ಬೆನ್ನಿಗೆ ತಾಗಿ, ಅವನ ರಕ್ತವನ್ನೂ ಕೂಡಿಸಿಕೊಂಡು ಹಳ್ಳದ ಕಡೆ ಹರಿಯಿತು. ಶಾಂತಯ್ಯ ಕೊಡಲಿಯನ್ನು ಬದುವಿನಲ್ಲೇ ಬಿಟ್ಟು, ಯಾರನ್ನೂ ನೋಡದೆ, ಊರಿನ ದಾರಿ ಹಿಡಿದ. ಅವನು ಹೋಗುವಾಗ ಕೈಗಳನ್ನು ಮುಂದೆ ಚಾಚಿಕೊಂಡು ಹೋಗುತ್ತಿದ್ದ, ಹೊಲಸು ಮೆತ್ತಿದವರ ಹಾಗೆ.

ನಾನೂ ದುರಗವ್ವನೂ ಹನಮೇಶನನ್ನು ನೀರಿನಿಂದ ಎಳೆದು ಅಂಚಿಗೆ ಒರಗಿಸಿದೆವು. ನನ್ನ ಸೆರಗನ್ನು ಹರಿದು ಅವನ ತೋಳನ್ನು ಕೊರಳಿಗೆ ಜೋಲಿ ಕಟ್ಟಿದೆ. ಟೆಂಪೊದಲ್ಲಿ ಕಂಡ ಆ ಹೆಂಗಸಿನ ಹಾಗೆ ಹಲ್ಲಿನಿಂದ ಹರಿಯಲು ಬರಲಿಲ್ಲ, ಕಲ್ಲಿಗೆ ಉಜ್ಜಿ ಹರಿದೆ. ಚಕ್ಕಡಿ ತರಲು ಹೊಲದಾಚೆ ಉಳುತ್ತಿದ್ದವರನ್ನು ಕೂಗಿದೆ. ಅವರು ಎತ್ತು ಬಿಚ್ಚಿ ಹೂಡಿ ಬರುವವರೆಗೆ ಕಾಯಬೇಕಿತ್ತು. ಗುರುಪಾದ ಇದ್ದಲ್ಲೇ ಕುಳಿತಿದ್ದ. ಹನಮೇಶ ಅವನ ಮೊಂಡುಗೈಯನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡ.

“ಈ ಸಲ ಮಗ್ಗಲಾಗ ಊರು,” ಅಂದ ಗುರುಪಾದ, ನೀರನ್ನು ನೋಡುತ್ತ. “ನೆತ್ತಿ ಮ್ಯಾಲ ಊರಬ್ಯಾಡ. ಸಸಿ ಸುಟ್ಟ ಹೊಕ್ಕಾವು.”

ಹನಮೇಶ ಒಡೆದ ಮೂಗಿನಿಂದ ಹೂಂ ಎಂದ.

ದುರಗವ್ವ ಕೈ ತೊಳೆದುಕೊಂಡು ಬಂದು ಬುತ್ತಿಯ ಗಂಟನ್ನು ಬಿಚ್ಚಿದಳು. ಎರಡು ರೊಟ್ಟಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಪುಟ್ಟ ಸೀಸೆಯಲ್ಲಿ ಎಣ್ಣೆ. ಆಕೆ ರೊಟ್ಟಿಯನ್ನು ಹಾಗೆಯೇ ಕೊಡಲಿಲ್ಲ. ಚೂರು ಮಾಡಿ, ಬೆಳ್ಳುಳ್ಳಿ ಮೆಣಸಿನಕಾಯಿ ಜಜ್ಜಿ ಹಾಕಿ, ಎಣ್ಣೆ ಬಿಟ್ಟು, ತನ್ನ ಅಂಗೈಯಲ್ಲಿ ಒತ್ತಿ ಒತ್ತಿ ಗಟ್ಟಿಯಾದ ಮುಟಗಿ ಕಟ್ಟಿದಳು. ಒಂದು ಕೈಯಲ್ಲಿ ಹಿಡಿದು, ಮುರಿಯುವ ಗೊಡವೆಯಿಲ್ಲದೆ ಕಚ್ಚಿ ತಿನ್ನುವ ಹಾಗೆ. ಗುರುಪಾದನ ಮುಂದೆ ಕುಳಿತು, ಎಲ್ಲರೂ ಉಣ್ಣುವ ಕೈ ಅದೇ ಎನ್ನುವ ಹಾಗೆ, ಅದನ್ನು ಅವನ ಎಡಗೈಯಲ್ಲಿಟ್ಟಳು.